ಅಧ್ಯಕ್ಷರಿಗೆ ನುಂಗಲು ಕಲಿಸಿದ್ದು

ಸ್ಪೀಚ್ ಥೆರಪಿಸ್ಟ್ ಎಂದರೆ ತೊದಲುವ ಮಕ್ಕಳಿಗೆ ಮಾತು ಕಲಿಸುವವಳು ಎಂದು ನಮ್ಮ ಜನ ತಿಳಿದಿದ್ದಾರೆ. ಮೈಸೂರಿನಲ್ಲಿ ಓದುವಾಗ ನಾನೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದೆ. ಟೆಕ್ಸಸ್‌ಗೆ ಬಂದ ಮೇಲೆ ನನ್ನ ವೃತ್ತಿಯ ಮುಕ್ಕಾಲು ಪಾಲು ಕಳೆದದ್ದು ವಯಸ್ಸಾದವರಿಗೆ ನುಂಗುವುದನ್ನು ಕಲಿಸುವುದರಲ್ಲಿ. ಪಾರ್ಶ್ವವಾಯು ಹೊಡೆದವರಿಗೆ, ಗಂಟಲಿನ ಆಪರೇಷನ್ ಆದವರಿಗೆ ಒಂದು ಗುಟುಕು ನೀರು ಕುಡಿಯುವುದೂ ದೊಡ್ಡ ಸಾಹಸ. ನೀರು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿದರೆ ಕೆಮ್ಮು, ಕೆಮ್ಮಿನ ಹಿಂದೆ ನ್ಯುಮೋನಿಯಾ, ಅದರ ಹಿಂದೆ ಯಮ. ಈ ಮೂವರನ್ನೂ ಬಾಗಿಲಲ್ಲೇ ತಡೆದು ನಿಲ್ಲಿಸುವುದು ನಮ್ಮ ಕೆಲಸ.

ಈಗ ನಿವೃತ್ತಳಾಗಿ ಆಸ್ಟಿನ್‌ನಲ್ಲಿದ್ದೇನೆ. ಮೈಸೂರಿನಲ್ಲೇ ಓದಿ ಇಲ್ಲಿ ಕೆಲಸಕ್ಕೆ ಸೇರುವ ಹುಡುಗಿಯರು ವಾರಾಂತ್ಯದಲ್ಲಿ ಮನೆಗೆ ಬರುತ್ತಾರೆ. “ವಿಶಾಲಾ ಆಂಟಿ, ಲೈಸೆನ್ಸ್ ಹೇಗೆ ತಗೊಂಡ್ರಿ? ಯಾವ ಆಸ್ಪತ್ರೆ ಒಳ್ಳೇದು?” ಎಂದು ಕೇಳುತ್ತಾರೆ. ಅದನ್ನೆಲ್ಲ ಫೋನಿನಲ್ಲಿ ಹುಡುಕಿಕೊಳ್ಳಿ ಎನ್ನುತ್ತೇನೆ. ಫೋನಿನಲ್ಲಿ ಸಿಗದ ನಾಲ್ಕು ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದು ಇದರಲ್ಲಿ ಇಲ್ಲ. ಹೇಳಿಕೊಳ್ಳುವಂಥ ಬಡ್ತಿ ಸಿಗಲೂ ಇಲ್ಲ.

ಮೊದಲ ಕೆಲಸ ಹ್ಯೂಸ್ಟನ್‌ನ ಒಂದು ದೊಡ್ಡ ಆಸ್ಪತ್ರೆಯಲ್ಲಿ. ನನ್ನ ಮೇಲಧಿಕಾರಿ ಡೋರಿಸ್ ಎಂಬ ಹೆಂಗಸು. ಟೆಕ್ಸಸ್‌ನ ಹಳ್ಳಿಯ ಕಡೆಯವಳು, ಎತ್ತರದ ಆಳು, ನಗುವುದು ಆಸ್ಪತ್ರೆಯ ನಿಯಮಕ್ಕೆ ವಿರುದ್ಧ ಎಂದು ನಂಬಿದ್ದವಳು. ರೋಗಿಯನ್ನು ಎಕ್ಸ್‌ರೇ ಯಂತ್ರದ ಮುಂದೆ ಕೂರಿಸಿ, ಆಹಾರಕ್ಕೆ ಬೇರಿಯಂ ಎಂಬ ಬಿಳಿ ಪುಡಿ ಕಲಸಿ ಒಂದೊಂದೇ ಚಮಚ ತಿನ್ನಿಸಿದರೆ, ತುತ್ತು ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ಪರದೆಯ ಮೇಲೆ ಕಾಣುತ್ತದೆ. ನೋಡಬೇಕಾದ್ದನ್ನು ನೋಡಿದ ತಕ್ಷಣ ನಿಲ್ಲಿಸಬೇಕು. ನಾನು ನಿಲ್ಲಿಸುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ನೆಂಟರು ಸಾಕು ಎಂದರೆ ಅದು ಸಂಕೋಚ, ಬೇಡ ಎಂದರೆ ಅದು ಮರ್ಯಾದೆ, ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಒಂದು ಸೌಟು ಬಡಿಸಬೇಕು. ಆ ಸಂಸ್ಕಾರ ಎಕ್ಸ್‌ರೇ ಕೋಣೆಯೊಳಗೂ ನನ್ನ ಜೊತೆಗೇ ಬಂದಿತ್ತು. ಹಡಗುಕಟ್ಟೆಯಲ್ಲಿ ದುಡಿದಿದ್ದ ಒಬ್ಬ ಮುದುಕರು ಚೆನ್ನಾಗಿ ನುಂಗುತ್ತಿದ್ದರು. ನಾನು “ಇನ್ನೊಂದೇ ಒಂದು, ನನಗೋಸ್ಕರ” ಎಂದು ಉಪಚಾರ ಮಾಡುತ್ತಲೇ ಹೋದೆ. ಗಂಟಲಿಗೂ ಸುಸ್ತಾಗುತ್ತದೆ. ಕೊನೆಯ ಚಮಚ ದಾರಿ ತಪ್ಪಿ, ಆತ ಕೆಮ್ಮಿದ ರಭಸಕ್ಕೆ ಬೇರಿಯಂ ಕಲಸಿದ ಮೊಸರೆಲ್ಲ ಡೋರಿಸ್‌ಳ ಕೋಟಿನ ಮೇಲೆ ಬಿತ್ತು.

ಅವಳು ಕೋಟು ಒರೆಸಿಕೊಂಡು ಹೇಳಿದಳು: “ವಿಶಾಲಾ, ಇದು ಪರೀಕ್ಷೆ. ನಿನ್ನ ಮನೆಗೆ ಯಾರೂ ಊಟಕ್ಕೆ ಬಂದಿಲ್ಲ.”

ಇಂದಿಗೂ ನನ್ನ ಮನೆಗೆ ಬಂದವರು ಸಾಕು ಎಂದರೆ ನಾನು ಪಾತ್ರೆ ಮುಚ್ಚಿಬಿಡುತ್ತೇನೆ. ಜಿಪುಣಿ ಎಂದು ಹೆಸರು ಬಂದಿದೆ. ಬರಲಿ.

ಮುಂದೆ ನನ್ನ ಗಂಡ ಶ್ರೀಧರನಿಗೆ ಕೆಲಸ ಬದಲಾಗಿ ಡಲ್ಲಾಸ್‌ಗೆ ಶಿಫ್ಟ್ ಆದೆವು. ಅಲ್ಲಿ ಆಸ್ಪತ್ರೆಯ ಜೊತೆಗೆ ಮನೆಮನೆಗೆ ಹೋಗುವ ಕೆಲಸವೂ ಸೇರಿತು. ನಮ್ಮವರೂ ರೋಗಿಗಳಾಗಿ ಸಿಗತೊಡಗಿದರು. ಮಗನ ಮನೆಗೆ ಬಂದಿದ್ದ ಧಾರವಾಡದ ಹಿರಿಯರೊಬ್ಬರಿಗೆ ಬೇರಿಯಂ ಹಚ್ಚಿದ ಬಿಸ್ಕತ್ತು ಕೊಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಸುಣ್ಣ ಹಚ್ಚೀರಿ, ಛಲೋ ಆತು. ಎಲಿ ಅಡಿಕಿ ಎಲ್ಲವ್ರಿ ಮತ್ತ?” ಎಂದರು. ಯಂತ್ರ ಶುರುವಾಗಿತ್ತು. ಅವರ ನಗು, ನನ್ನ ನಗು ಎರಡೂ ಮುಗಿಯುವವರೆಗೆ ಕಾದು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಪದ್ಧತಿಗಳೂ ಬದಲಾದವು. ನೀರು ಬೇಗ ಹರಿಯುತ್ತದೆ, ಸೋತ ಗಂಟಲು ಅದನ್ನು ಹಿಡಿಯಲಾರದು. ಆದ್ದರಿಂದ ಇಂಥವರಿಗೆ ನೀರು, ಕಾಫಿ, ಸಾರು ಎಲ್ಲಕ್ಕೂ ಒಂದು ಪುಡಿ ಹಾಕಿ ಮಂದ ಮಾಡಿ ಕೊಡುತ್ತೇವೆ. ನನ್ನ ಮೊದಲ ದಿನಗಳಲ್ಲಿ ಅದು ಬರೀ ಗಂಜಿಪುಡಿ. ಒಬ್ಬ ನರ್ಸ್ ಕಲಸಿದರೆ ತಿಳಿಸಾರು, ಇನ್ನೊಬ್ಬಳು ಕಲಸಿದರೆ ಪೋಸ್ಟರ್ ಅಂಟಿಸುವ ಗೋಂದು. ರಾಗಿ ಅಂಬಲಿ ಯಾಕಾಗಬಾರದು ಎಂದು ನಾನು ಮನೆಯಿಂದ ಕಾಯಿಸಿಕೊಂಡು ಹೋಗಿ ಮೀಟಿಂಗಿನಲ್ಲಿ ಇಟ್ಟಿದ್ದೆ. ಮೀಟಿಂಗ್ ಮುಗಿಯುವುದರೊಳಗೆ ಅದು ಆರಿ, ಗಟ್ಟಿಯಾಗಿ, ಚಮಚ ನೆಟ್ಟಗೆ ನಿಂತಿತು. ಅಲ್ಲಿಗೆ ರಾಗಿಯ ಅಮೆರಿಕ ಯಾತ್ರೆ ಮುಗಿಯಿತು. ಈಗ ಒಳ್ಳೆಯ ಪುಡಿಗಳು ಬಂದಿವೆ. ಸಿರಿಂಜಿನಿಂದ ಇಳಿಬಿಟ್ಟು ಹದ ನೋಡುವ ಕ್ರಮ ಬಂದಿದೆ. ರುಚಿ ಮಾತ್ರ ಹಾಗೆಯೇ ಇದೆ. ಹುಡುಗಿಯರೇ, ರೋಗಿಗೆ ಕೊಡುವ ಮೊದಲು ನೀವೊಂದು ಲೋಟ ಕುಡಿದು ನೋಡಿ. ಆಮೇಲೆ ಅವರು ನಿಮ್ಮನ್ನು ಬೈದರೆ ನಿಮಗೆ ಬೇಜಾರಾಗುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಅಧ್ಯಕ್ಷರ ಕಥೆಗೆ ಬರಲು.

ಒಂದು ಬೆಳಿಗ್ಗೆ ಆಫೀಸಿನಿಂದ ಫೋನು ಬಂತು. ಡಲ್ಲಾಸ್ ಪಕ್ಕದ ಸೌತ್‌ಲೇಕ್‌ನಲ್ಲಿ ಒಬ್ಬ ರೋಗಿ, ಪಾರ್ಶ್ವವಾಯುವಾಗಿ ಚೇತರಿಸಿಕೊಳ್ಳುತ್ತಿದ್ದಾರೆ, ಮಾಜಿ ಅಧ್ಯಕ್ಷರು, ಸ್ವಲ್ಪ ನಾಜೂಕಾಗಿ ನೋಡಿಕೊಳ್ಳಬೇಕು ಎಂದರು. ಶ್ರೀಧರನಿಗೆ ಹೇಳಿದೆ. ಅವನು ದೋಸೆಯಿಂದ ತಲೆ ಎತ್ತದೆ, “ಯಾವ ಸಂಘದ ಅಧ್ಯಕ್ಷರು?” ಎಂದ. ಅವನದೂ ತಪ್ಪಲ್ಲ. ನಮ್ಮ ಕನ್ನಡದವರಲ್ಲಿ ಈ ಊರಿನಲ್ಲಿ ಮಾಜಿ ಅಧ್ಯಕ್ಷರಲ್ಲದವರನ್ನು ಹುಡುಕುವುದೇ ಕಷ್ಟ.

“ಸಂಘ ಅಲ್ಲ ಕಣೋ, ಒಂದು ದೇಶ.”

“ಹಾಗಾದ್ರೆ ಸುಲಭ. ಸಂಘದೋರಾಗಿದ್ರೆ ಜಗಳ ಇನ್ನೂ ನಡೀತಿರ್ತಿತ್ತು.”

ಅವರ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ರೋಗಿಯ ಗುರುತು ಬಿಟ್ಟುಕೊಡಬಾರದು ಎಂಬ ನಿಯಮ ನಿವೃತ್ತಿಯಾದರೂ ಬಿಡದು. ದಕ್ಷಿಣ ಅಮೆರಿಕ ಎಂದರೆ ಸಾಕು. ಅಲ್ಲಿ ಮಾಜಿ ಅಧ್ಯಕ್ಷರಿಗೇನೂ ಬರವಿಲ್ಲ. ಅವರು ಅಧಿಕಾರ ಕಳೆದುಕೊಂಡು, ದೇಶ ಬಿಟ್ಟು, ಮಗಳು ಲೂಸಿಯಾಳ ಮನೆಯಲ್ಲಿದ್ದರು. ಅವಳಿಗೆ ಹತ್ತಿರದ ಲಾಸ್ ಕೊಲಿನಾಸ್‌ನಲ್ಲಿ ಕೆಲಸ. ತರುಣರಾಗಿದ್ದಾಗ ಟೆಕ್ಸಸ್‌ನಲ್ಲೇ ಕೆಲಕಾಲ ಓದಿದ್ದವರಾದ್ದರಿಂದ ಅವರ ಇಂಗ್ಲಿಷ್ ನನಗಿಂತ ಹೆಚ್ಚು ಟೆಕ್ಸಸ್ಸಿನದು. ಹ್ಯೂಸ್ಟನ್‌ನಲ್ಲಿ ರೋಗಿಗಳಿಂದ ಕಲಿತ ಸ್ಪ್ಯಾನಿಷ್ ನನ್ನ ಬಳಿ ಇತ್ತು. ಎರಡನ್ನೂ ಬೆರೆಸಿ ಮಾತಾಡಿಕೊಂಡೆವು. ಇಲ್ಲಿ ಅದನ್ನೆಲ್ಲ ನನ್ನ ಮೈಸೂರು ಕನ್ನಡಕ್ಕೆ ಇಳಿಸಿದ್ದೇನೆ.

ಮೊದಲ ದಿನ ಅವರು ಟೈ ಕಟ್ಟಿಕೊಂಡು ಕೂತಿದ್ದರು. ಬಾಯಿಯ ಎಡಗಡೆ ಸ್ವಲ್ಪ ಜೋತಿತ್ತು, ಗತ್ತು ಜೋತಿರಲಿಲ್ಲ. ಬಾಯಿ ತೆರೆಯಿರಿ ಎಂದೆ.

“ದೊತೊರಾ, ನಾನು ರಾಜಕೀಯಕ್ಕೆ ಬರೋ ಮೊದಲು ದನದ ಡಾಕ್ಟರು. ನೀವು ನೋಡಿರೋ ಬಾಯಿಗಿಂತ ಹೆಚ್ಚು ಬಾಯಿಗೆ ನಾನು ಮೊಣಕೈವರೆಗೆ ಕೈ ಹಾಕಿದ್ದೀನಿ.”

“ಒಳ್ಳೇದಾಯ್ತು ಸರ್. ಹಸುಗಳು ನಿಮಗೆ ಭಾಷಣ ಮಾಡ್ತಿರ್ಲಿಲ್ಲ. ನೀವೂ ಹಾಗೇ ಬಾಯಿ ತೆರೀರಿ.”

ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ದೊತೊರಾ ಎನ್ನುವುದನ್ನು ಬಿಡಲಿಲ್ಲ. ತಮ್ಮನ್ನು ಸಣ್ಣಪುಟ್ಟವರು ಬಂದು ನೋಡಿದರು ಎಂದಾಗಬಾರದಲ್ಲ.

ನಾಲಿಗೆಯನ್ನು ಚಪ್ಪಟೆ ಕಡ್ಡಿಗೆ ಒತ್ತುವುದು, ಗಟ್ಟಿಯಾಗಿ ನುಂಗುವುದು, ಕೆನ್ನೆ ಉಬ್ಬಿಸುವುದು, ಇವೇ ನಮ್ಮ ವ್ಯಾಯಾಮಗಳು. ನಡುನಡುವೆ ವಿಶ್ರಾಂತಿ ಬೇಕು. ಆ ವಿಶ್ರಾಂತಿಯಲ್ಲಿ ಅವರ ಜೀವನ ಚರಿತ್ರೆ ನನಗೆ ಕಂತುಕಂತಾಗಿ ಸಿಕ್ಕಿತು. ಅವರ ಪ್ರಾಂತ್ಯದಲ್ಲಿ ಒಮ್ಮೆ ದನಗಳಿಗೆ ಕಾಲುಬಾಯಿ ರೋಗ ಬಂತಂತೆ. ಇವರು ಕುದುರೆಯ ಮೇಲೆ ಊರೂರು ಅಲೆದು ಚುಚ್ಚುಮದ್ದು ಹಾಕಿದರಂತೆ. ಪ್ರತಿ ದೊಡ್ಡಿಯಲ್ಲೂ ಇವರ ಹೆಸರು ಉಳಿಯಿತು. ಮುಂದೆ ಊರಿನ ಮೇಯರ್ ಆದರು, ಪ್ರಾಂತ್ಯದ ಗವರ್ನರ್ ಆದರು, ಕೊನೆಗೆ ದೇಶದ ಅಧ್ಯಕ್ಷರೇ ಆದರು. “ನನ್ನನ್ನ ಆರಿಸಿದ್ದು ಜನ ಅಲ್ಲ ದೊತೊರಾ, ಹಸುಗಳು. ಇಳಿಸಿದ್ದು ಮಾತ್ರ ಮನುಷ್ಯರು” ಎನ್ನುತ್ತಿದ್ದರು.

ಇಳಿಸಿದವನ ಹೆಸರು ರಮೀರೊ. ಇವರ ಊರಿನವನೇ, ಬಾಲ್ಯದ ಗೆಳೆಯ. ಕುದುರೆಯ ಮೇಲೆ ಮದ್ದಿನ ಪೆಟ್ಟಿಗೆ ಹೊತ್ತು ಇವರ ಜೊತೆ ಅಲೆದವನು. ಇವರೇ ಅವನನ್ನು ಕೃಷಿಮಂತ್ರಿ ಮಾಡಿದರು. ಅವನೇ ಒಂದು ದಿನ ಸಂಸತ್ತಿನಲ್ಲಿ ಎದ್ದು ನಿಂತು, ಈ ಮನುಷ್ಯ ಯಾರ ಮಾತನ್ನೂ ಕೇಳುವುದಿಲ್ಲ ಎಂದು ಹೇಳಿ, ಮತ ಹಾಕಿಸಿ ಕೆಳಗಿಳಿಸಿದ. ಆಮೇಲೆ ತಾನೇ ಆ ಕುರ್ಚಿಯಲ್ಲಿ ಕೂತ. ಅವನನ್ನೂ ಇನ್ನೊಬ್ಬರು ಇಳಿಸಿದರು. ಇಬ್ಬರೂ ಅಂದಿನಿಂದ ಒಂದು ಮಾತೂ ಆಡಿರಲಿಲ್ಲ.

ಮಾತು ಚುರುಕಾಗಲಿ ಎಂದು ನಾವು ರೋಗಿಗಳಿಗೆ ಒಂದು ಆಟ ಕೊಡುತ್ತೇವೆ. ತರಕಾರಿಗಳ ಹೆಸರು ಹೇಳಿ, ಪ್ರಾಣಿಗಳ ಹೆಸರು ಹೇಳಿ ಎಂದು. ಪ್ರಾಣಿಗಳ ಹೆಸರು ಹೇಳಿ ಎಂದೆ. ಅವರು ತಮ್ಮ ಮಂತ್ರಿಮಂಡಲವನ್ನು ಒಬ್ಬೊಬ್ಬರಾಗಿ ಹೇಳಿದರು. ನಾನು ಪೂರ್ತಿ ಅಂಕ ಕೊಟ್ಟೆ.

ಅವರ ನಿಜವಾದ ತೊಂದರೆ ಗಂಟಲಿನದಲ್ಲ, ಸ್ವಭಾವದ್ದು. ಜೀವಮಾನವಿಡೀ ಬಾಯಲ್ಲಿ ತುತ್ತಿಟ್ಟುಕೊಂಡೇ ಮಾತಾಡಿದವರು. ಊಟದ ಮೇಜಿನಲ್ಲೇ ರಾಜ್ಯಭಾರ ಮಾಡಿದವರು. ಬಾಯಲ್ಲಿ ಆಹಾರವಿದ್ದಾಗ ಮಾತಾಡಿದರೆ, ನಕ್ಕರೆ, ಉಸಿರು ಅದನ್ನು ಶ್ವಾಸನಾಳಕ್ಕೆ ಎಳೆದುಕೊಂಡು ಹೋಗುತ್ತದೆ. ಒಂದು ಸಲಕ್ಕೆ ಒಂದು ಕೆಲಸ ಎಂದು ನಾನು ಬಡಕೊಂಡೆ. ನಮ್ಮ ತಾತ ಊಟಕ್ಕೆ ಕೂತರೆ ಮೌನ, ಉಪ್ಪು ಬೇಕಾದರೂ ಬಾಯಿ ಬಿಡುತ್ತಿರಲಿಲ್ಲ ಎಂದು ಹೇಳಿದೆ.

“ಮತ್ತೆ ಮನೆಯನ್ನ ಹೇಗೆ ಆಳ್ತಿದ್ರು?”

“ಹುಬ್ಬಿನಿಂದ.”

ಅವರು ಆ ದಿನದಿಂದ ಹುಬ್ಬಿನಿಂದ ಆಳುವ ಅಭ್ಯಾಸ ಶುರುಮಾಡಿದರು. ಪಾಪ ಲೂಸಿಯಾ, ಅಪ್ಪ ಹುಬ್ಬು ಹಾರಿಸಿದಾಗಲೆಲ್ಲ ಉಪ್ಪು ಬೇಕೋ ನೀರು ಬೇಕೋ ತಿಳಿಯದೆ ಎದ್ದು ಓಡಾಡುತ್ತಿದ್ದಳು.

ಹೀಗಿರುವಾಗ ಹ್ಯೂಸ್ಟನ್‌ನಿಂದ ಫೋನು ಬಂತು. ಮಾಡಿದ್ದು ರಮೀರೊ. ಹೃದಯದ ಚಿಕಿತ್ಸೆಗೆಂದು ಅಲ್ಲಿಗೆ ಬಂದಿದ್ದಾನಂತೆ, ಊರಿಗೆ ಮರಳುವ ಮೊದಲು ಡಲ್ಲಾಸ್‌ಗೆ ಬಂದು ನೋಡಿ ಹೋಗುತ್ತೇನೆ ಎಂದನಂತೆ. ಲೂಸಿಯಾ ಹೆದರಿ ಹೆದರಿ ಅಪ್ಪನಿಗೆ ಹೇಳಿದಳು. ನಾನು ಹೋದಾಗ ಅವರು ಕುರ್ಚಿಯ ತುದಿಯಲ್ಲಿ ಕೂತಿದ್ದರು.

“ದೊತೊರಾ, ಅವನು ಬರ್ತಾನೆ. ಅವನು ಬಂದಾಗ ನಾನು ಮಾಟೆ ಕುಡೀಬೇಕು.”

ಮಾಟೆ ಎಂದರೆ ಅವರ ಕಡೆಯ ಸೊಪ್ಪಿನ ಕಷಾಯ. ಪುಟ್ಟ ಸೋರೆಬುರುಡೆಯಲ್ಲಿ ಒಣ ಎಲೆ ತುಂಬಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಹೀರುತ್ತಾರೆ. ಬುರುಡೆ ಒಂದೇ, ಕೊಳವೆಯೂ ಒಂದೇ. ಕೂತವರೆಲ್ಲ ಸರದಿಯ ಮೇಲೆ ಅದರಿಂದಲೇ ಕುಡಿಯಬೇಕು. ಎಂಜಲು ಎಂಬ ಮಾತೇ ಇಲ್ಲ. ಮನೆಯ ಯಜಮಾನ ಮೊದಲ ಸಲ ತಾನು ಕುಡಿದು ಆಮೇಲೆ ಅತಿಥಿಗೆ ಕೊಡುವುದು ಪದ್ಧತಿ.

“ನಾನು ಕುಡೀದೆ ಅವನ ಕೈಗೆ ಕೊಟ್ರೆ ವಿಷ ಹಾಕಿದ್ದೀನಿ ಅಂದ್ಕೊಳ್ತಾನೆ” ಎಂದರು. ಸ್ವಲ್ಪ ಯೋಚಿಸಿ, “ಅವನ ಜಾಗದಲ್ಲಿ ನಾನಿದ್ರೂ ಹಾಗೇ ಅಂದ್ಕೊಳ್ತಿದ್ದೆ” ಎಂದೂ ಸೇರಿಸಿದರು.

ಆ ಮನುಷ್ಯನಿಗೆ ದೇಶ ಹೋಗಿತ್ತು, ಅಧಿಕಾರ ಹೋಗಿತ್ತು, ಅರ್ಧ ಮುಖ ಹೋಗಿತ್ತು. ತನ್ನನ್ನು ಇಳಿಸಿದ ಗೆಳೆಯನಿಗೆ ತನ್ನ ಮನೆಯಲ್ಲಿ ತನ್ನ ಕೈಯಾರೆ ಒಂದು ಬುರುಡೆ ಮಾಟೆ ಕೊಡಬೇಕು, ಅವನ ಮುಂದೆ ಕೆಮ್ಮಿ ಉಸಿರುಕಟ್ಟಿ ಸಣ್ಣವನಾಗಬಾರದು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಎಕ್ಸ್‌ರೇ ಪರೀಕ್ಷೆಗೆ ದಿನ ಗೊತ್ತು ಮಾಡಿಸಿ, ಅದರಲ್ಲಿ ಪಾಸಾದರೆ ಕುಡಿಯಬಹುದು ಎಂದೆ. ಅಲ್ಲಿಂದ ಅವರು ಪಬ್ಲಿಕ್ ಪರೀಕ್ಷೆಗೆ ಕೂತ ಹುಡುಗನಂತೆ ಅಭ್ಯಾಸ ಮಾಡಿದರು. ಗಂಟಲು ದಿನೇದಿನೇ ಗಟ್ಟಿಯಾಯಿತು.

ಕೆಡಿಸಿದ್ದು ನನ್ನ ನೀರಿನ ಬಾಟಲಿ. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಎತ್ತಿ ಕುಡಿದು ಅಭ್ಯಾಸ. ತುಟಿಗೆ ತಾಗಿಸದೆ, ಮುಖ ಮೇಲೆ ಮಾಡಿ, ಮೇಲಿನಿಂದ ಧಾರೆಯಾಗಿ ಬಾಯಿಗೆ ಹೊಯ್ದುಕೊಳ್ಳುವುದು. ಅಮೆರಿಕದಲ್ಲಿ ಇಷ್ಟು ವರ್ಷವಿದ್ದರೂ ಅದು ಹೋಗಿಲ್ಲ. ಒಂದು ದಿನ ವ್ಯಾಯಾಮ ಮುಗಿಸಿ, ನನ್ನ ಸ್ಟೀಲ್ ಬಾಟಲಿ ಎತ್ತಿ ಗಟಗಟ ಕುಡಿದೆ. ಅಧ್ಯಕ್ಷರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ದಿನವಿಡೀ ಗಲ್ಲ ಎದೆಗೆ ತಾಗಿಸಿ ನುಂಗಿ ಎಂದು ಅವರಿಗೆ ಪಾಠ ಹೇಳಿ, ಅವರ ಕಣ್ಣೆದುರೇ ಗಲ್ಲ ಆಕಾಶಕ್ಕೆ ಮಾಡಿ ಕುಡಿದವಳು ನಾನು.

ಮರುದಿನ ಲೂಸಿಯಾ ಫೋನ್ ಮಾಡಿದಳು. “ಅಪ್ಪ ಆಸ್ಪತ್ರೆಯಲ್ಲಿದ್ದಾರೆ. ನಿಮ್ಮ ಹೊಸ ವಿಧಾನ ಮಾಡಿ ನೋಡಿದರು.”

ಧಾವಿಸಿ ಹೋದೆ. ನ್ಯುಮೋನಿಯಾ ಸಣ್ಣದಾಗಿ ಶುರುವಾಗಿತ್ತು, ಜೀವಕ್ಕೆ ಭಯವಿರಲಿಲ್ಲ. ಆಮ್ಲಜನಕದ ಕೊಳವೆ ಮೂಗಿಗೆ ಇಟ್ಟುಕೊಂಡು ಮಲಗಿದ್ದವರು ನನ್ನನ್ನು ಕಂಡು ಮುಖ ತಿರುಗಿಸಿದರು.

“ಸರ್, ನೀವು ದನದ ಡಾಕ್ಟರು. ಬಿದಿರಿನ ಗೊಟ್ಟದಲ್ಲಿ ಔಷಧ ಹೊಯ್ಯೋವಾಗ ಹಸುವಿನ ಕತ್ತು ಜಾಸ್ತಿ ಎತ್ತಿದ್ರೆ ಏನಾಗತ್ತೆ?”

“ಶ್ವಾಸಕೋಶಕ್ಕೆ ಹೋಗತ್ತೆ.”

“ಗೊತ್ತಿದ್ದೂ ಮಾಡಿದ್ರಾ?”

“ಹಸುವಿಗಾಗಿದ್ರೆ ಮಾಡ್ತಿರ್ಲಿಲ್ಲ. ನನಗೆ ಅವಸರ ಇತ್ತು. ನಿಮಗೆ ಸಲೀಸಾಗಿ ಇಳೀತಲ್ಲ?”

ನನಗೆ ಇಳಿಯುವುದು ಅಜ್ಜಿ ಬೆನ್ನಿಗೆ ಗುದ್ದಿ ಕಲಿಸಿದ್ದಕ್ಕೆ ಎಂದು ಹೇಳಿದೆ. ಅವರು ನಗಲಿಲ್ಲ. ಹುಡುಗಿಯರೇ, ರೋಗಿ ನಿಮ್ಮ ಪಾಠವನ್ನು ಕೇಳುವುದಿಲ್ಲ, ನಿಮ್ಮನ್ನು ನೋಡುತ್ತಾನೆ. ನೀರು ಬೇಕಾದರೆ ಕಾರಿಗೆ ಹೋಗಿ ಕುಡಿಯಿರಿ.

ಚೇತರಿಸಿಕೊಂಡ ಮೇಲೆ ಎಕ್ಸ್‌ರೇ ಪರೀಕ್ಷೆಯಾಯಿತು. ನೀರು ಕೊಟ್ಟರೆ ದಾರಿ ತಪ್ಪುತ್ತಿತ್ತು. ಕೊಳವೆಯಿಂದ ಹೀರಿದರಂತೂ ಇನ್ನೂ ಕೆಟ್ಟದು. ಗಲ್ಲ ಬಗ್ಗಿಸಿ, ಮಂದ ಮಾಡಿದ್ದನ್ನು ಚಮಚದಲ್ಲಿ ಕೊಟ್ಟರೆ ಚೊಕ್ಕವಾಗಿ ಇಳಿಯುತ್ತಿತ್ತು. ಅದನ್ನೇ ಹೇಳಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಈ ಕೆಲಸದವರ ಪಾಲಿಗೆ ಗಾದೆಯಲ್ಲ, ದಿನದ ಸುದ್ದಿ.

“ಅವನಿಗೆ ಬರಬೇಡ ಅಂತ ಹೇಳು” ಎಂದರು ಲೂಸಿಯಾಗೆ. ಮನೆಗೆ ಬಂದ ಮೇಲೆ ಕಡ್ಡಿ ಕೊಟ್ಟರೆ ನಾಲಿಗೆ ಒತ್ತಲಿಲ್ಲ, ಗಂಜಿ ಕೊಟ್ಟರೆ ಬಾಯಿ ತೆರೆಯಲಿಲ್ಲ. ಟೈ ಕಟ್ಟುವುದನ್ನೂ ಬಿಟ್ಟರು. ಅಡುಗೆಮನೆಯಲ್ಲಿ ಲೂಸಿಯಾ ಸಿಂಕಿಗೆ ಒರಗಿ ಅತ್ತಳು. “ಊರಿನಿಂದ ಅವರನ್ನ ನೋಡೋಕೆ ಇಷ್ಟು ವರ್ಷದಲ್ಲಿ ಯಾರೂ ಬಂದಿಲ್ಲ ವಿಶಾಲಾ. ಬರೋಕೆ ಹೊರಟಿರೋದು ಆ ರಮೀರೊ ಒಬ್ಬನೇ. ಅವನೂ ಬರದಿದ್ರೆ ಅಪ್ಪ ಮತ್ತೆ ಊಟಕ್ಕೆ ಏಳಲ್ಲ” ಎಂದಳು.

ಆಗ ನನಗೆ ಕೋಪ ಬಂತು. ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ. ಪ್ರಾಯಶಃ ಆ ಲೋಹದ ಕೊಳವೆಯ ಮೇಲೆ. ಕುಡಿಯಲಾಗದಿದ್ದರೆ ತಿನ್ನಲಿ ಎಂದುಕೊಂಡೆ. ಮಾಟೆಯ ಎಲೆಯನ್ನು ಕುದಿಸಿ, ಸೋಸಿ, ಪುಡಿ ಹಾಕಿ ಮಂದ ಮಾಡಿ, ಅದೇ ಸೋರೆಬುರುಡೆಗೆ ತುಂಬಿ, ಕೊಳವೆಯ ಬದಲು ಚಮಚ ಇಟ್ಟರೆ? ಲೂಸಿಯಾ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು. ಮೊದಲನೆಯದು ಗಂಟುಗಂಟಾಯಿತು, ಎರಡನೆಯದು ಕೆಸರಾಯಿತು. ಸ್ವಲ್ಪ ಮನೆಗೂ ತಂದು ಶ್ರೀಧರನಿಗೆ ಕೊಟ್ಟೆ. ಅವನು ಒಂದು ಚಮಚ ಬಾಯಿಗಿಟ್ಟು, ಬಿಸಿತುಪ್ಪ ಬಾಯಲ್ಲಿದ್ದವನ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ನನ್ನನ್ನು ನೋಡಿದ. “ನಮ್ಮಮ್ಮನ ಬೇವಿನ ಕಷಾಯ ಇದರ ಮುಂದೆ ಪಾಯಸ ಕಣೇ” ಎಂದ. ಕೊನೆಗೂ ಒಂದು ಹದ ಸಿಕ್ಕಿತು. ನಯವಾಗಿತ್ತು, ಹಸಿರಾಗಿತ್ತು, ವಿಷದಷ್ಟು ಕಹಿಯಾಗಿತ್ತು.

ಬುರುಡೆಯನ್ನು ಅಧ್ಯಕ್ಷರ ಮುಂದೆ ಇಟ್ಟೆ. ಚಮಚ ನೋಡಿ ಅವರ ಮುಖ ಕೆಂಪಾಯಿತು.

“ಮಗುವಿಗೆ ತಿನ್ನಿಸೋ ಹಾಗೆ! ಅವನ ಮುಂದೆ!”

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತೆ ಎಂಬ ಮಾತನ್ನು ಅವರು ಕೇಳಿರಲಿಲ್ಲ, ಆದರೆ ಅವರ ಮುಖದಲ್ಲಿ ಇದ್ದದ್ದು ಅದೇ. ನಾನು ಉಪಚಾರ ಮಾಡಲಿಲ್ಲ. ಒಂದೇ ಒಂದು ಚಮಚ ಎನ್ನಲಿಲ್ಲ. “ಕೊಳವೆಯಲ್ಲಿ ಕುಡಿದ್ರೆ ಅವರೆದುರೇ ಆಸ್ಪತ್ರೆಗೆ ಹೋಗ್ತೀರಿ. ಚಮಚದಲ್ಲಿ ತಿಂದ್ರೆ ಮನೇಲೇ ಕೂತಿರ್ತೀರಿ. ಎರಡರಲ್ಲಿ ಯಾವುದು ಅನ್ನೋದನ್ನ ನೀವೇ ಹೇಳಿ. ದೇಶ ಆಳಿದವರು ನೀವು” ಎಂದು ಹೇಳಿ ಹೊರಟುಬಂದೆ. ಎರಡು ದಿನ ಬಿಟ್ಟು ಲೂಸಿಯಾ ಫೋನ್ ಮಾಡಿದಳು. ಅಪ್ಪ ಟೈ ಕೇಳಿದರು ಎಂದಳು.

ರಮೀರೊ ಬಂದದ್ದು ಶನಿವಾರ ಮಧ್ಯಾಹ್ನ. ಏನಾದರೂ ಆದರೆ ಇರಲಿ ಎಂದು ಲೂಸಿಯಾ ನನ್ನನ್ನೂ ಕರೆಸಿಕೊಂಡಿದ್ದಳು. ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನೆಂಟರ ಮನೆಗೆ ಬಂದವಳಂತೆ ಕೂತಿದ್ದೆ. ಕಾರಿನಿಂದ ಇಳಿದದ್ದು ಒಂದು ದೇಶವನ್ನು ಮಗುಚಿ ಹಾಕಿದ ಖಳನಾಯಕ ಎಂದು ಯಾರೂ ಹೇಳುವಂತಿರಲಿಲ್ಲ. ಸಣಕಲು ಮುದುಕ, ಕೈಯಲ್ಲಿ ಊರುಗೋಲು, ಮೈಗೆ ದೊಡ್ಡದಾದ ಸೂಟು. ಇಬ್ಬರೂ ಕೈ ಕುಲುಕಿದರು. ಕುಶಲ ಕೇಳಲಿಲ್ಲ. ಮೇಜಿನ ಆಚೆ ಈಚೆ ಕೂತರು.

ಅಧ್ಯಕ್ಷರು ಬುರುಡೆ ಹತ್ತಿರಕ್ಕೆ ಎಳೆದುಕೊಂಡರು. ಮೊದಲ ಚಮಚ ಬಾಯಿಗಿಟ್ಟು, ಗಲ್ಲ ಎದೆಗೆ ಬಗ್ಗಿಸಿ ನುಂಗಿದರು. ರಮೀರೊ ಚಮಚವನ್ನೇ ನೋಡುತ್ತಿದ್ದ.

“ಕೊಳವೆ ಎಲ್ಲಿ?”

ಲೂಸಿಯಾ ಏನೋ ಹೇಳಲು ಬಾಯಿ ತೆರೆದಳು. ಅಧ್ಯಕ್ಷರ ಹುಬ್ಬು ಮೇಲೆ ಹೋಯಿತು.

“ಗಂಟಲು ಕೆಟ್ಟಿದೆ ರಮೀರೊ” ಎಂದರು ಅವರು. “ನೀರು ಇಳಿಯಲ್ಲ. ನಾನು ತಿನ್ನೋದು ಹೀಗೇ. ನಿನಗೆ ಸರಿಯಾದ್ದು ಬೇಕು ಅಂದ್ರೆ ಬೇರೆ ಮಾಡಿಸ್ತೀನಿ.”

ನನಗೆ ಆಗದು ಎಂಬ ಮಾತನ್ನು ಆ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಎದುರಿಗಿದ್ದವನೂ ಮೊದಲ ಸಲ ಕೇಳಿದನೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಅವನು ಊರುಗೋಲನ್ನು ಮೇಜಿಗೆ ಒರಗಿಸಿದ.

“ಬೇರೆ ಯಾಕೆ? ಒಂದೇ ಬುರುಡೆ ಅಲ್ವಾ ಪದ್ಧತಿ” ಎಂದು ಕೈ ಚಾಚಿದ.

ಅದೇ ಚಮಚದಿಂದ ಒಂದು ತುಂಬು ಚಮಚ ಬಾಯಿಗಿಟ್ಟುಕೊಂಡ. ಅವನ ಮುಖದಲ್ಲಿ ಒಂದು ಕ್ಷಣ ನಮ್ಮ ಶ್ರೀಧರನ ಮುಖವೇ ಹಾದುಹೋಯಿತು. ಆದರೂ ಉಗುಳಲಿಲ್ಲ. ಗಂಟಲಿನ ಗಂಟು ಎರಡು ಸಲ ಮೇಲೆ ಕೆಳಗೆ ಹೋಗಿ ಅದು ಒಳಗಿಳಿಯಿತು. ಬುರುಡೆಯನ್ನು ಮರ್ಯಾದೆಯಿಂದ ಯಜಮಾನನ ಮುಂದೆ ತಳ್ಳಿದ. ಸರದಿಯಂತೆ ಅಧ್ಯಕ್ಷರು ತಮ್ಮ ಚಮಚ ತೆಗೆದು ಬಾಯಿಗಿಟ್ಟರು.

ಸರಿಯಾಗಿ ಆಗ ರಮೀರೊ ಕರವಸ್ತ್ರದಿಂದ ತುಟಿ ಒರೆಸಿಕೊಂಡು ಹೇಳಿದ: “ನಿನ್ನ ಮಂತ್ರಿಮಂಡಲದಲ್ಲಿ ನಾನಿದ್ದಷ್ಟು ಕಾಲ ದಿನಾ ಇದಕ್ಕಿಂತ ಕಹಿಯಾದ್ದನ್ನ ತಿನ್ನಿಸಿದ್ದೀಯ. ಇನ್ನೊಂದು ಚಮಚಕ್ಕೆ ನಾನೇನೂ ಸಾಯಲ್ಲ. ಕೊಡು.”

ಅಧ್ಯಕ್ಷರ ಭುಜ ಕುಲುಕತೊಡಗಿತು. ಕಣ್ಣು ಸಣ್ಣದಾಯಿತು. ನಗು ಹೊಟ್ಟೆಯಿಂದ ಹೊರಟು ಬರುವುದು ನನಗೆ ಕಾಣಿಸಿತು, ಬಾಯಲ್ಲಿ ಮಾಟೆ ಹಾಗೇ ಇತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ. ಇನ್ನೊಂದು ಉಸಿರು ಎಳೆದರೆ ಎಲ್ಲ ಮುಗಿಯಿತು.

ಅವರು ಅಂಗೈ ಎತ್ತಿ ನನ್ನ ಕಡೆ ಹಿಡಿದರು. ಯಾರ ಮಾತನ್ನೂ ಕೇಳದವರು ಎಂದು ಸಂಸತ್ತಿನಲ್ಲಿ ಕುರ್ಚಿ ಕಳೆದುಕೊಂಡ ಮನುಷ್ಯ, ತುಟಿ ಬಿಗಿದು, ಗಲ್ಲವನ್ನು ಎದೆಗೆ ಒತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು, ಮೊದಲು ನುಂಗಿದರು. ಆಮೇಲೆ ಕುರ್ಚಿಗೆ ಒರಗಿ ಬಾಯಿ ತುಂಬ ನಕ್ಕರು.